ಸತ್ಯಭಾಮಾಬಾಯಿಯ ಹೊಲದಲ್ಲಿ ಚರಗ

ಅಜನಿ, ನಾಗಪುರ
೧೮ ನವೆಂಬರ್ ೨೦೨೪

ಗಾಲ್ಫ್ ಮೈದಾನದ ಮ್ಯಾನೇಜರ್ ದೇಚಮ್ಮ ಅವರಿಗೆ ಸಾವಿತ್ರೆವ್ವನ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಬಗ್ಗೆ ನನಗೆ ಗೊತ್ತಿರುವುದೂ ಇಷ್ಟೇ: ಸಾವನೇರ್ ರಸ್ತೆಯ ಗಾಲ್ಫ್ ಮೈದಾನವನ್ನು ನೋಡಿಕೊಳ್ಳುವವರು ಕೊಡಗಿನ ಹೆಣ್ಣುಮಗಳು ಎಂದು ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಯಾರೋ ಹೇಳಿದರು. ನಿಮ್ಮ ಆಫೀಸಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಒಂದು ಧ್ವನಿ ಹೇಳುತ್ತದೆ. ಎಲ್ಲವನ್ನೂ ಒತ್ತಿ ನೋಡಿದೆ, ಮನುಷ್ಯರು ಸಿಗಲಿಲ್ಲ. ಮೊಮ್ಮಗಳು ಶೀತಲ್ ಇ-ಮೇಲ್ ಮಾಡು ಎಂದಳು. ಅವಳಿಗೆ ಕನ್ನಡ ಬರೆಯಲು ಬಾರದು, ನನಗೆ ಇಂಗ್ಲಿಷ್ ಬಾರದು. ಹಾಗಾಗಿ ಈ ಕಾಗದ.

ಎಂಬತ್ತೊಂಬತ್ತರಲ್ಲಿ ನಮ್ಮ ಯಜಮಾನರಿಗೆ ಹುಬ್ಬಳ್ಳಿಯಿಂದ ಇಲ್ಲಿನ ರೈಲ್ವೆಗೆ ವರ್ಗವಾಯಿತು. ಬಂದ ಕೆಲವೇ ತಿಂಗಳಿಗೆ ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿ, ಹಿಂದೆ ಕರ್ಣನೆಂದು ಇನ್ನೊಂದನ್ನಿಟ್ಟು ಪೂಜೆ ಮಾಡುತ್ತೇವೆ. ಆಮೇಲೆ ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಬಸುರಿ ಭೂತಾಯಿಗೆ ಉಣಿಸುವುದು. ಕೊಡಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದು ಇಷ್ಟು ಬಿಡಿಸಿ ಬರೆದೆ.

ಈ ಊರಿನಲ್ಲಿ ನಮಗೆ ಹೊಲ ಎಲ್ಲಿಂದ ಬರಬೇಕು? ಬುಟ್ಟಿ ಹೊತ್ತು, ಕೂಸನ್ನು ಕಂಕುಳಿಗೇರಿಸಿ ಸಾವನೇರ್ ಬಸ್ಸು ಹತ್ತಿದೆ. ಕಿಟಕಿಯಿಂದ ಒಂದು ಚೆಂದದ ಜೋಳದ ಹೊಲ ಕಂಡ ಕೂಡಲೇ ಇಳಿದುಬಿಟ್ಟೆ. ಯಾರದೆಂದು ಕೇಳಲಿಲ್ಲ. ಬೇವಿನ ಮರದ ಕೆಳಗೆ ಪಾಂಡವರನ್ನು ಕೂರಿಸಿ, "ಹುಲ್ಲುಲ್ಲಿಗೋ" ಎಂದು ಗಟ್ಟಿಯಾಗಿ ಕೂಗುತ್ತ ಚರಗ ಚೆಲ್ಲತೊಡಗಿದೆ. ಅಮಾವಾಸ್ಯೆಯ ದಿನ, ಸುಣ್ಣ ಕುಂಕುಮ ಬಳಿದ ಕಲ್ಲು, ಗುರುತಿಲ್ಲದ ಹೆಂಗಸು, ಅರ್ಥವಾಗದ ಕೂಗು. ಹೊಲದ ಒಡತಿ ನಾನು ಬೆಳೆಗೆ ಮಾಟ ಮಾಡುತ್ತಿದ್ದೇನೆ ಎಂದುಕೊಂಡು ಕುಡುಗೋಲು ಹಿಡಿದು ಓಡಿ ಬಂದಳು. ನನಗೋ ಮರಾಠಿಯ ಒಂದಕ್ಷರ ಬಾರದು. ಕೈಯಲ್ಲಿದ್ದ ಶೇಂಗಾ ಹೋಳಿಗೆಯನ್ನು ಮುರಿದು ಅರ್ಧ ನಾನು ತಿಂದೆ, ಅರ್ಧ ಅವಳತ್ತ ಚಾಚಿದೆ. ಅವಳು ಹೋಳಿಗೆಯನ್ನು ಮೂಸಿದಳು, ಕೂಸನ್ನು ನೋಡಿದಳು, ಕುಡುಗೋಲು ಕೆಳಗಿಟ್ಟು ಕುಳಿತಳು. ಹೊರಡುವಾಗ "ದರ್ ವರ್ಷೀ ಯೆ" ಎಂದಳು. ಪ್ರತಿ ವರ್ಷ ಬಾ ಎಂದು. ನಾನು ಕಲಿತ ಮೊದಲ ಮರಾಠಿ ಮಾತು ಅದು.

ಅವಳ ಹೆಸರು ಸತ್ಯಭಾಮಾಬಾಯಿ. ಅಲ್ಲಿಂದ ಮುಂದೆ ಒಂದು ವರ್ಷವೂ ತಪ್ಪಿಸದೆ ಅವಳ ಹೊಲದಲ್ಲೇ ಚರಗ ಚೆಲ್ಲಿದೆ. ಹೊಲವಿಲ್ಲದ ನನಗೆ ಹೊಲ ಕೊಟ್ಟವಳು, ಪರವೂರಿನಲ್ಲಿ ತವರುಮನೆ ಕೊಟ್ಟವಳು ಅವಳು. ಅವಳ ಗಂಡ ತೀರಿಕೊಂಡ ಮೇಲೆ ಮಗ ಜಮೀನು ಮಾರಿದ. ಅದೇ ಈಗ ನಿಮ್ಮ ಗಾಲ್ಫ್ ಮೈದಾನ.

ಸತ್ಯಭಾಮಾಬಾಯಿ ಈಗ ರಾಮದಾಸಪೇಠದಲ್ಲಿ ಮಗನ ಫ್ಲಾಟಿನಲ್ಲಿದ್ದಾಳೆ. ಈ ಮಳೆಗಾಲದಲ್ಲಿ ಹೃದಯದ ಆಪರೇಶನ್ ಆಯಿತು. ಡಾಕ್ಟರು ಓಡಾಡಬೇಕು ಎಂದಿದ್ದಾರೆ, ಅವಳು ಗೋಡೆ ನೋಡುತ್ತ ಕೂರುತ್ತಾಳೆ. ಮಾರಿದ ದಿನದಿಂದ ಹೊಲದ ಕಡೆ ತಲೆ ಹಾಕಿಲ್ಲ. ಅವಳನ್ನು ಒಂದು ದಿನ ಅಲ್ಲಿಗೆ ಕರೆತಂದು, ಅದೇ ಮರದ ನೆರಳಿನಲ್ಲಿ ಕೂರಿಸಿ, ನನ್ನ ಕೈಯಾರೆ ಬಡಿಸಬೇಕೆಂದು ನನ್ನ ಆಸೆ. ಇಷ್ಟು ವರ್ಷ ಅವಳ ಹೊಲದಲ್ಲಿ ನಾನು ಉಂಡಿದ್ದೇನೆ.

ಈ ಸಲದ ಎಳ್ಳಮಾವಾಸ್ಯೆ ಡಿಸೆಂಬರ್ ೩೦ಕ್ಕೆ. ನಿಮ್ಮದು ಸಾರ್ವಜನಿಕ ಮೈದಾನ, ಯಾರು ಬೇಕಾದರೂ ಬರಬಹುದು ಎಂದು ಕೇಳಿದೆ. ಬುತ್ತಿ ತರಬಹುದೇ? ಸೀರೆ ಉಟ್ಟವರನ್ನು ಒಳಗೆ ಬಿಡುತ್ತೀರಾ? ಚರಗ ಚೆಲ್ಲಬಹುದೇ? ಚೆಂಡು ತಲೆಗೆ ಬೀಳದಂತೆ ಎಲ್ಲಿ ಕೂರಬೇಕು? ದಯವಿಟ್ಟು ತಿಳಿಸಿ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಸಾವಿತ್ರೆವ್ವ

*

ಗಾಲ್ಫ್ ಮೈದಾನ, ಸಾವನೇರ್ ರಸ್ತೆ
೨೭ ನವೆಂಬರ್ ೨೦೨೪

ಮಾನ್ಯ ಸಾವಿತ್ರೆವ್ವನವರಿಗೆ,

ನಿಮ್ಮ ಪತ್ರ ತಲುಪಿತು. ಈ ಮೇಜಿಗೆ ಕನ್ನಡದ ಕಾಗದ ಬಂದದ್ದು ಇದೇ ಮೊದಲು. ಎರಡು ಸಲ ಓದಿದೆ.

ಸಾರ್ವಜನಿಕರಿಗೆ ಇಡೀ ದಿನದ ಟಿಕೆಟ್ ಇದೆ. ಹಿರಿಯರಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ಸೀರೆಗೆ ಅಡ್ಡಿಯಿಲ್ಲ, ಆದರೆ ಚಪ್ಪಲಿ ಎತ್ತರದ ಹಿಮ್ಮಡಿಯದ್ದಾಗಿರಬಾರದು. ಗುಡ್ಡದ ಮೇಲಿನ ಕಟ್ಟೆಯಲ್ಲಿ ಕುಳಿತರೆ ಕೊಳ, ಇಳಿಜಾರು, ದೂರದ ಖಾಪರಖೇಡಾ ವಿದ್ಯುತ್ ಸ್ಥಾವರದ ಚಿಮಣಿಗಳು ಎಲ್ಲವೂ ಕಾಣುತ್ತವೆ. ಆಟಗಾರರು ಚಿಮಣಿಯ ಹೊಗೆ ನೋಡಿ ಗಾಳಿಯ ದಿಕ್ಕು ತಿಳಿದುಕೊಳ್ಳುತ್ತಾರೆ.

ಇನ್ನುಳಿದ ವಿಷಯ ಬರೆಯಲು ಸಂಕೋಚವಾಗುತ್ತಿದೆ. ಹೊರಗಿನ ಊಟ ತರುವಂತಿಲ್ಲ. ಹುಲ್ಲಿನ ಮೇಲೆ ಏನನ್ನೂ ಚೆಲ್ಲುವಂತಿಲ್ಲ. ಡಿಸೆಂಬರ್ ೩೦ ಸೋಮವಾರ. ಹುಲ್ಲಿನ ಕೆಲಸಕ್ಕಾಗಿ ಪ್ರತಿ ಸೋಮವಾರ ಮೈದಾನಕ್ಕೆ ರಜೆ. ಮಂಗಳವಾರ ಬರಲು ಆಗುತ್ತದೆಯೇ?

ನಿಮ್ಮ ವಿಶ್ವಾಸಿ,
ದೇಚಮ್ಮ

ಮರೆತಿದ್ದೆ: ಬೇವಿನ ಮರ ಎಂದು ಬರೆದಿದ್ದೀರಿ. ಇಲ್ಲಿ ಬೇವಿನ ಮರಗಳು ಹಲವು. ಯಾವುದು?

*

ಅಜನಿ
೨ ಡಿಸೆಂಬರ್ ೨೦೨೪

ದೇಚಮ್ಮನವರೇ,

ಅಮಾವಾಸ್ಯೆಯನ್ನು ಮಂಗಳವಾರಕ್ಕೆ ಮುಂದೂಡಲು ಪಂಚಾಂಗ ನನ್ನ ಕೈಯಲ್ಲಿಲ್ಲ. ಇದ್ದಿದ್ದರೆ ನಿಮಗೋಸ್ಕರ ಖಂಡಿತ ಮಾಡುತ್ತಿದ್ದೆ, ಏಕೆಂದರೆ ನೀವು ಉತ್ತರ ಬರೆದಿರಿ. ನಮ್ಮ ಯಜಮಾನರು ಈರಪ್ಪನವರು ಉತ್ತರ ಬರುವುದಿಲ್ಲ ಎಂದು ಪಂಥ ಕಟ್ಟಿದ್ದರು. ಕಾಗದ ತೋರಿಸಿದೆ. "ಬರೋಬರ್ ಐತಿ, ಬ್ಯಾಡ ಅಂತನ ಬರದಾರಲ್ಲ, ಅದೇನ್ ಉತ್ತರ?" ಎಂದರು. ಬೇಡ ಎನ್ನುವುದೂ ಉತ್ತರವೇ. ಅದನ್ನು ಬೇಕು ಮಾಡಿಸುವುದು ಮುಂದಿನ ಮಾತು.

ಮರದ ಗುರುತು ಹೇಳುತ್ತೇನೆ. ಕಲ್ಲಿನ ಮೆಟ್ಟಿಲಿದ್ದ ಬಾವಿಯ ಪಕ್ಕದ್ದು. ಬುಡದಿಂದ ಆಳೆತ್ತರದಲ್ಲಿ ಕಾಂಡ ಎರಡಾಗಿ ಒಡೆದಿದೆ. ಆ ಕವಲಿನಲ್ಲಿ ನಮ್ಮ ಮಗ ಕೇದಾರನಾಥನನ್ನು ಕೂರಿಸಿ ನಾವಿಬ್ಬರೂ ಉಣ್ಣುತ್ತಿದ್ದೆವು. ಈಗ ಅವನನ್ನು ಹೊರಲು ಎರಡು ಮರ ಬೇಕು.

ಆದರೆ ತೊಡಕು ಬೇರೆಯೇ ಇದೆ. ನಿಮ್ಮ ಕಾಗದ ಬಂದ ಉಮೇದಿನಲ್ಲಿ ಸತ್ಯಭಾಮಾಬಾಯಿಗೆ ವಿಷಯ ಹೇಳಿಬಿಟ್ಟೆ. ಟಿಕೆಟ್ ಇದೆಯಂತೆ, ಗಾಡಿಯೂ ಇದೆಯಂತೆ ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಮಾಝ್ಯಾ ವಾವರಾತ ಮೀ ತಿಕೀಟ ಕಾಢೂನ ಜಾವೂ?" ಎಂದಳು. ವಾವರ ಎಂದರೆ ಈ ಕಡೆಯ ಮಾತಿನಲ್ಲಿ ಹೊಲ. ನನ್ನ ಹೊಲಕ್ಕೆ ನಾನು ಟಿಕೆಟ್ ತೆಗೆಸಿ ಹೋಗಲೇ ಎಂದು ಕೇಳಿದಳು. ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆದು ಕಳಿಸಿ.

ಇಂತಿ,
ಸಾವಿತ್ರೆವ್ವ

*

ಗಾಲ್ಫ್ ಮೈದಾನ
೧೬ ಡಿಸೆಂಬರ್ ೨೦೨೪

ಪ್ರಿಯ ಸಾವಿತ್ರೆವ್ವನವರಿಗೆ,

ತಡವಾಯಿತು, ಕ್ಷಮಿಸಿ. ಮರ ಸಿಕ್ಕಿದೆ.

ಅದು ನಮ್ಮ ಏಳನೇ ಹೋಲ್, ಅಂದರೆ ಚೆಂಡು ಬೀಳಿಸುವ ಏಳನೇ ಗುಳಿಯ ಪಕ್ಕದಲ್ಲಿದೆ. ಬಾವಿಯನ್ನು ಅಗಲಿಸಿ ಕೊಳ ಮಾಡಿದ್ದಾರೆ, ಹಳೆಯ ಮೆಟ್ಟಿಲುಗಳು ಒಂದು ಬದಿಯಲ್ಲಿ ಉಳಿದಿವೆ. ಚೆಂಡು ಆ ಒಡೆದ ಕಾಂಡಕ್ಕೆ ಬಡಿದು ನೀರಿಗೆ ಬೀಳುತ್ತದೆ, ಮರ ಕಡಿಸಿ ಎಂದು ಆಟಗಾರರು ಎರಡು ಸಲ ಅರ್ಜಿ ಕೊಟ್ಟಿದ್ದರು. ಎರಡು ಸಲವೂ ನಾನು ಒಪ್ಪಲಿಲ್ಲ. ಏಕೆ ಎಂದು ಕೇಳಿದ್ದರೆ ಹೇಳಲು ನನ್ನಲ್ಲಿ ಕಾರಣವಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಆ ಮರದ ಕೆಳಗೆ ಹೋಗಿ ನಿಂತೆ. ಕಡಿಸದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎನ್ನಿಸಿತು.

ಮೊನ್ನೆ ನಮ್ಮ ಊರಿನಲ್ಲಿ ಪುತ್ತರಿ. ರಾತ್ರಿ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಮೊದಲ ಕದಿರು ಕೊಯ್ದು "ಪೊಲಿ ಪೊಲಿಯೇ ಬಾ" ಎಂದು ಕೂಗುತ್ತೇವೆ, ಬೆಳೆ ಹೆಚ್ಚಿ ಹೆಚ್ಚಿ ಬರಲಿ ಎಂದು. ರಜೆ ಸಿಗಲಿಲ್ಲ, ಫೋನಿನಲ್ಲಿ ಆ ಕೂಗು ಕೇಳಿಸಿದರು. ಇಷ್ಟು ಎಕರೆ ಹಸಿರು ಬೆಳೆಯುತ್ತೇನೆ, ಅದರಲ್ಲಿ ಒಂದು ಕದಿರಿಲ್ಲ. ನಿಮ್ಮ "ಹುಲ್ಲುಲ್ಲಿಗೋ" ಏನೆಂದು ನನಗೆ ಗೊತ್ತಿಲ್ಲ ಎಂದುಕೊಂಡಿರಿ. ಚೆನ್ನಾಗಿಯೇ ಗೊತ್ತು.

ಸೋಮವಾರವೇ ಬನ್ನಿ. ಮೈದಾನಕ್ಕೆ ರಜೆ ಇದ್ದ ದಿನ ನನ್ನ ಅತಿಥಿಗಳನ್ನು ಕರೆಸಲು ಮೇಲಿನವರು ಒಪ್ಪಿದ್ದಾರೆ. ಅತಿಥಿಗಳಿಗೆ ಟಿಕೆಟ್ ಇಲ್ಲ. ಬುತ್ತಿಯನ್ನು ಮರದ ಕೆಳಗೆ ಬಿಚ್ಚಬಹುದು. ನುಣ್ಣಗೆ ಕತ್ತರಿಸಿದ ಹುಲ್ಲನ್ನು ಬಿಟ್ಟು, ಕೊಳದಾಚೆ ಹುಲ್ಲು ಎತ್ತರಕ್ಕೆ ಬೆಳೆದ ಕಡೆ ಚರಗ ಚೆಲ್ಲಿ. ಅಲ್ಲಿ ಹಕ್ಕಿಗಳೂ ಇವೆ.

ವಿಶ್ವಾಸದಿಂದ,
ದೇಚಮ್ಮ

*

ಅಜನಿ
೨೦ ಡಿಸೆಂಬರ್ ೨೦೨೪

ತಂಗಿ ದೇಚಮ್ಮ,

ತಂಗಿ ಎಂದು ಬರೆದೆ, ತಪ್ಪು ತಿಳಿಯಬೇಡಿ. ಮರ ಉಳಿಸಿದವರನ್ನು ಇನ್ನೇನೆಂದು ಕರೆಯಲಿ? ಕಾಗದ ಓದಿ ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಈರಪ್ಪನವರು ಬಂದು "ಯಾಕ, ಏನಾತು?" ಎಂದರು. "ಮರ ಐತಂತ್ರೀ" ಎಂದೆ. ಅವರೂ ಪಕ್ಕದಲ್ಲೇ ನಿಂತರು.

ಅಡಿಗೆ ಗೊತ್ತು ಮಾಡಿದ್ದೇನೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರನ್ನ, ಶೇಂಗಾ ಹೋಳಿಗೆ. ಹೋಳಿಗೆ ಇಲ್ಲದೆ ಆ ಹೊಲಕ್ಕೆ ಕಾಲಿಡಲು ನನಗೆ ಇಂದಿಗೂ ಧೈರ್ಯವಿಲ್ಲ. ಕೇದಾರನಾಥ ಕಾರು ತರುತ್ತಾನೆ. ಎಲ್ಲ ತಯಾರಿ ಆಗಿದೆ, ಯಾರಿಗಾಗಿ ಹೊರಟಿದ್ದೇವೋ ಅವಳು ಮಾತ್ರ ಹೊರಡುತ್ತಿಲ್ಲ.

ನಿಮಗೆ ಮುಚ್ಚಿಡುವುದೇನು. ಜಮೀನು ಮಾರಿದ ಸಂಗತಿಯನ್ನು ಅವಳು ನನಗೆ ಹೇಳಿರಲಿಲ್ಲ. ಆ ವರ್ಷವೂ ನಾನು ಬುಟ್ಟಿ ಹೊತ್ತು ಬಸ್ಸಿಳಿದೆ. ತಗಡಿನ ಬೇಲಿ ಕಂಡಿತು. ತುಂಬಿದ ಬುಟ್ಟಿಯನ್ನು ಹಾಗೇ ಹೊತ್ತು ವಾಪಸು ಬಂದೆ. ಆ ದಿನದ ಬಗ್ಗೆ ಇಂದಿನವರೆಗೆ ನಾವಿಬ್ಬರೂ ಮಾತಾಡಿಲ್ಲ. ಅವಳ ಮನೆಗೆ ಹೋಗುತ್ತೇನೆ, ಚಹಾ ಕುಡಿಯುತ್ತೇವೆ, ಸೊಸೆಯಂದಿರನ್ನು ಆಡಿಕೊಳ್ಳುತ್ತೇವೆ. ಹೊಲದ ಮಾತು ಹತ್ತಿರ ಬಂದರೆ ಒಬ್ಬರಲ್ಲ ಒಬ್ಬರು ಎದ್ದು ಕಪ್ಪು ತೊಳೆಯಲು ಹೋಗುತ್ತೇವೆ.

ನಿನ್ನೆ ಹೋಗಿ ಟಿಕೆಟ್ ಇಲ್ಲವಂತೆ, ನಾವು ಅತಿಥಿಗಳಂತೆ ಎಂದೆ. "ಯಾರ ಅತಿಥಿ? ಮಾರಿದವಳನ್ನು ಯಾರು ಕರೀತಾರ?" ಎಂದು ಮರಾಠಿಯಲ್ಲಿ ಹೇಳಿ ಗೋಡೆಯ ಕಡೆ ತಿರುಗಿದಳು. ಅವಳಿಲ್ಲದೆ ನಾನು ಬರಲಾರೆ. ಬಂದರೂ ಅದು ಬರೀ ತೋಟ ನೋಡಿದ ಹಾಗೆ ಆಗುತ್ತದೆ.

ನಿಮ್ಮ,
ಸಾವಿತ್ರೆವ್ವ

*

ಗಾಲ್ಫ್ ಮೈದಾನ
೨೩ ಡಿಸೆಂಬರ್ ೨೦೨೪

ಅಕ್ಕ,

ಅಂಚೆಗೆ ಹಾಕಿದರೆ ತಡವಾದೀತೆಂದು ನಮ್ಮ ಗಾಡಿಯವರ ಕೈಯಲ್ಲಿ ಕಳಿಸಿದ್ದೇನೆ. ಸತ್ಯಭಾಮಾಬಾಯಿ ಕೇಳಿದ್ದು ಸರಿಯಾಗಿಯೇ ಇದೆ. ಕರೆಯಬೇಕಾದವಳು ನಾನು. ಇಷ್ಟು ವರ್ಷ ಅವರ ನೆಲದಿಂದ ಅನ್ನ ತಿನ್ನುತ್ತಿದ್ದೇನೆ, ಅವರ ಮುಖವನ್ನೇ ನೋಡಿಲ್ಲ.

ಗುರುವಾರ ಮಧ್ಯಾಹ್ನ ರಾಮದಾಸಪೇಠಕ್ಕೆ ಬರುತ್ತೇನೆ. ಮನೆಯ ವಿಳಾಸ ಗಾಡಿಯವರಿಗೆ ಬರೆದುಕೊಡಿ. ನೀವೂ ಇರಿ, ನನ್ನ ಮರಾಠಿ ಅಷ್ಟಕ್ಕಷ್ಟೇ.

ದೇಚಮ್ಮ

*

ಅಜನಿ
೨ ಜನವರಿ ೨೦೨೫

ನನ್ನ ತಂಗಿ ದೇಚಮ್ಮನಿಗೆ ಆಶೀರ್ವಾದಗಳು.

ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ. ಜೊತೆಯಲ್ಲಿ ಕುಳಿತು ಉಂಡ ಮೇಲೆ ಬಹುವಚನ ನನ್ನ ಬಾಯಿಗೆ ಹೊಂದುವುದಿಲ್ಲ.

ಎರಡು ದಿನದಿಂದ ಬರೆಯಬೇಕೆಂದು ಕೂರುತ್ತೇನೆ, ಆಗುವುದಿಲ್ಲ. ನೀನು ಆ ಗುರುವಾರ ಬೇವಿನ ಎಸಳು, ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆಯಲ್ಲ, ಅದನ್ನೇ ನೆನೆಯುತ್ತೇನೆ. "ತುಮ್ಚ್ಯಾ ವಾವರಾತ ಸೋಮವಾರೀ ಜೇವಾಯಲಾ ಯಾ" ಎಂದೆ ನೀನು. ನಿಮ್ಮ ಹೊಲಕ್ಕೆ ಸೋಮವಾರ ಊಟಕ್ಕೆ ಬನ್ನಿ ಎಂದು. ಬಾಯಿಪಾಠ ಮಾಡಿಕೊಂಡು ಬಂದಿದ್ದೆ ಎಂದು ಗೊತ್ತಾಗುತ್ತಿತ್ತು, ನಿನ್ನ ಕಿವಿ ಕೆಂಪಾಗಿತ್ತು. ನೀನು "ನಮ್ಮ ಮೈದಾನ" ಎನ್ನಲಿಲ್ಲ. ಸತ್ಯಭಾಮಾಬಾಯಿ ಎಸಳನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದಳು. ನೀನು ಹೋದ ಮೇಲೆ ಸೊಸೆಯನ್ನು ಕರೆದು "ಮಾಝಂ ಹಿರವಂ ಲುಗಡಂ ಕಾಢ" ಎಂದಳು, ನನ್ನ ಹಸಿರು ಸೀರೆ ತೆಗೆ ಎಂದು.

ಸೋಮವಾರದ್ದನ್ನು ನೀನೇ ನೋಡಿದ್ದೀಯ, ಆದರೆ ಮರಾಠಿಯಲ್ಲಿ ನಡೆದದ್ದು ಪೂರ್ತಿ ನಿನಗೆ ತಿಳಿದಿರಲಿಕ್ಕಿಲ್ಲ. ಗಾಡಿಯಲ್ಲಿ ಬರುವಾಗ ಅವಳು ಕಂಬಿ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಮರದ ಹತ್ತಿರ ಇಳಿದು ಒಡೆದ ಕಾಂಡಕ್ಕೆ ಅಂಗೈ ಇಟ್ಟಳು. ಸುತ್ತಲಿನ ಹುಲ್ಲು ನೋಡಿ "ಇದನ್ನು ಯಾರು ತಿಂತಾರ?" ಎಂದು ನಿನ್ನನ್ನು ಕೇಳಿದಳು. ಯಾರೂ ಇಲ್ಲ ಎಂದೆ ನೀನು. "ಎಮ್ಮೆ?" ಇಲ್ಲ. "ಹಸು?" ಇಲ್ಲ ಎಂದು ನೀನು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದೆ. ಆಗ ಅವಳು ನಕ್ಕಳು ನೋಡು! ಆಪರೇಶನ್ ಆದ ಮೇಲೆ ಅವಳು ನಕ್ಕದ್ದು ನಾನು ಕಂಡಿರಲಿಲ್ಲ.

ಪಾಂಡವರನ್ನು ಕೂರಿಸಿದೆ. ಕರ್ಣನಿಗೆ ಕಲ್ಲು ತರುವುದನ್ನು ಮರೆತಿದ್ದೆ. ನಿನ್ನ ಮೈದಾನದಲ್ಲಿ ಒಂದು ಕಲ್ಲಾದರೂ ಸಿಗಬೇಡವೇ? ಅವಳು ಹುಲ್ಲಿನಲ್ಲಿ ತಡಕಾಡಿ, "ಹಾ ಬಘ, ತುಝಾ ಕರ್ಣ", ಇಗೋ ನೋಡು ನಿನ್ನ ಕರ್ಣ ಎಂದು ಒಂದು ಬಿಳಿ ಗುಂಡನ್ನು ತಂದಿಟ್ಟಳು. ಸುಣ್ಣ ಹಚ್ಚಿದ ಕಲ್ಲೇ ಸಿಕ್ಕಿತಲ್ಲ ಎಂದು ನಾನು ಕುಂಕುಮ ಇಟ್ಟು ಕೈಮುಗಿದೆ. ನೀನು ನಗು ಮುಚ್ಚಲು ಸೆರಗಿಲ್ಲದೆ ತೋಳನ್ನೇ ಬಾಯಿಗೆ ಅಡ್ಡ ಹಿಡಿದದ್ದು ಏಕೆಂದು, ಈರಪ್ಪನವರು "ಅದು ಆಟದ ಚೆಂಡ ಐತಿ ಮಾರಾಯ್ತಿ" ಎಂದಾಗಲೇ ತಿಳಿದದ್ದು. ಇರಲಿ, ಕರ್ಣನೂ ಕಳೆದುಹೋಗಿ ಸಿಕ್ಕವನೇ.

ಆಮೇಲೆ ಊಟ. ಎಲೆ ಹಾಕಿ ಬಡಿಸಲು ಸೌಟು ಹಿಡಿದೆ. ಅವಳು ಎದ್ದು ಬಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. "ಮಾಝ್ಯಾ ವಾವರಾತ ಮೀ ವಾಢತೇ" ಎಂದಳು. ನನ್ನ ಹೊಲದಲ್ಲಿ ಬಡಿಸುವವಳು ನಾನು ಎಂದು. ಎಣ್ಣೆಗಾಯಿ ಬಡಿಸುವಾಗ ನನ್ನ ಎಲೆಯ ಮೇಲೆ ಬಗ್ಗಿ, ಮಾರುವಾಗ ನಿನಗೆ ಹೇಳಲಿಲ್ಲ ಎಂದಳು. ನಾನೂ ಕೇಳಲಿಲ್ಲ ಎಂದೆ. ಅಷ್ಟೇ. ತೊಳೆಯಲು ಅಲ್ಲಿ ಕಪ್ಪು ಇರಲಿಲ್ಲ.

ತಿಂಗಳುಗಟ್ಟಲೆ ನಾನು ಅವಳಿಗೆ ಬಡಿಸುವ ಕನಸು ಕಂಡಿದ್ದೆ. ಅವಳ ಕೈಯಿಂದಲೇ ಉಂಡು ಬಂದೆ. ಅವಳಿಗೆ ಬೇಕಾಗಿದ್ದದ್ದು ಅದೇ ಎಂದು ನನಗೆ ಹೊಳೆದಿರಲಿಲ್ಲ, ಅವಳನ್ನು ಅತಿಥಿ ಮಾಡಲು ಹೊರಟಿದ್ದೆ. ಚರಗ ಚೆಲ್ಲುವಾಗ ನಾನು "ಹುಲ್ಲುಲ್ಲಿಗೋ" ಎಂದರೆ ನೀನು ಹಿಂದಿನಿಂದ "ಪೊಲಿ ಪೊಲಿಯೇ ಬಾ" ಎಂದು ಕೂಗಿದೆ. ಭೂತಾಯಿಗೆ ಎರಡೂ ತಿಳಿದಿರುತ್ತದೆ. ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ ಎಂದು ನನಗೆ ಗೊತ್ತಿಲ್ಲ ತಂಗಿ, ಡಬ್ಬಿಯಲ್ಲಿ ಹೋಳಿಗೆ ಕಳಿಸಿದ್ದೇನೆ.

ನಿನ್ನ ಅಕ್ಕ,
ಸಾವಿತ್ರೆವ್ವ

*

ಗಾಲ್ಫ್ ಮೈದಾನ
೧೭ ಫೆಬ್ರವರಿ ೨೦೨೫

ಅಕ್ಕನಿಗೆ ನಮಸ್ಕಾರ.

ಹೋಳಿಗೆ ಆವತ್ತೇ ಮುಗಿಯಿತು, ಡಬ್ಬಿ ಇನ್ನೂ ನನ್ನಲ್ಲೇ ಇದೆ. ಕುಂಕುಮ ಹಚ್ಚಿದ ಚೆಂಡು ನನ್ನ ಮೇಜಿನ ಮೇಲಿದೆ. ಅದನ್ನು ಆಡಲು ಯಾರಿಗೂ ಕೊಡುವುದಿಲ್ಲ. ನೀವು ಥ್ಯಾಂಕ್ಸ್ ಹೇಳಿದಿರಿ, ಹೇಳಬೇಕಾದವಳು ನಾನು. ಇಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಈ ಜಾಗ ನನಗೆ ಬರೀ ಹುಲ್ಲು, ನೀರು, ಯಂತ್ರ ಆಗಿತ್ತು. ಈಗ ಏಳನೇ ಹೋಲ್ ದಾಟುವಾಗ ಯಾರದೋ ಮನೆಯ ಅಂಗಳ ದಾಟಿದ ಹಾಗೆ ಚಪ್ಪಲಿ ಸದ್ದು ಕಡಿಮೆ ಮಾಡುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಕೊಳದಾಚೆ, ನಾವು ಚರಗ ಚೆಲ್ಲಿದ ಕಡೆ, ಎತ್ತರದ ಹುಲ್ಲಿನ ನಡುವೆ ಒಂದು ಸಾಲು ಬೇರೆ ಬಗೆಯ ಗಿಡ ಎದ್ದಿದೆ. ಅಗಲ ಎಲೆ, ಈಗ ಮೊಣಕಾಲಿನವರೆಗೆ ಬಂದಿದೆ. ಹುಲ್ಲಿನ ಕೆಲಸದವರು ಕೀಳಲು ಹೋಗಿದ್ದರು. ನೋಡಿದರೆ ಜೋಳ! ನಾವು ಚೆಲ್ಲಿದ್ದು ಬೇಯಿಸಿದ ಅಡಿಗೆ, ಅದು ಮೊಳೆಯುವುದಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು? ಸಾಲು ಕೂಡ ನೆಟ್ಟಗಿದೆ. ಒಬ್ಬ ಆಟಗಾರರು ಇದೇನು ಕಳೆ ಎಂದು ಕೇಳಿದರು. ಕಳೆಯಲ್ಲ, ಅದು ಇಲ್ಲಿಯದೇ ಎಂದೆ. ಕೀಳಿಸಿಲ್ಲ.

ನಿಮ್ಮ ತಂಗಿ,
ದೇಚಮ್ಮ

*

ಅಜನಿ
೨೨ ಫೆಬ್ರವರಿ ೨೦೨೫

ಪ್ರೀತಿಯ ದೇಚಮ್ಮ,

ನಿನ್ನ ಕಾಗದ ಹಿಡಿದು ನೇರ ರಾಮದಾಸಪೇಠಕ್ಕೆ ಹೋದೆ. ಸತ್ಯಭಾಮಾಬಾಯಿ ಮನೆಯಲ್ಲಿರಲಿಲ್ಲ. ಕೆಳಗೆ ಕಾಂಪೌಂಡಿನಲ್ಲಿ ಸುತ್ತು ಹಾಕುತ್ತಿದ್ದಳು! ಅಮಾವಾಸ್ಯೆಯ ಮರುದಿನದಿಂದ ಹೀಗೆ ನಡೆಯುತ್ತಾಳೆ ಎಂದು ಸೊಸೆ ಹೇಳಿದಳು.

ಜೋಳದ ಸಂಗತಿ ಓದಿ ಹೇಳಿದೆ. ಮೊದಲು ಏನೂ ತಿಳಿಯದವಳ ಹಾಗೆ ಮುಖ ಮಾಡಿದಳು. ನಾನು ಬಿಡಲಿಲ್ಲ. ಕಡೆಗೆ ಅದೇ ಹಸಿರು ಸೀರೆಯ ಸೆರಗಿನ ತುದಿ ಎತ್ತಿ, ಜೋಳ ಕಟ್ಟಿ ತಂದ ಗಂಟಿನ ಸುಕ್ಕನ್ನು ತೋರಿಸಿದಳು. ಆ ದಿನ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೂಗುತ್ತ ಚರಗ ಚೆಲ್ಲುತ್ತಿದ್ದಾಗ, ಹಿಂದೆ ಹಿಂದೆ ಬರುತ್ತ ಇವಳು ಕಾಲಿನ ಹೆಬ್ಬೆರಳಿನಿಂದ ಗೀರು ಎಳೆದು ಬಿತ್ತಿದ್ದಾಳೆ.

ಈಗ ಅವಳದು ಒಂದೇ ಧ್ಯಾನ. ಆ ಹುಲ್ಲು ಜೋಳವನ್ನು ನುಂಗಿಬಿಡುತ್ತದೆ, ಕಳೆ ತೆಗೆಯಬೇಕು, ನಿನ್ನ ಕೆಲಸದವರಿಗೆ ಅದು ತಿಳಿಯುವುದಿಲ್ಲ, ತಾನೇ ಬರಬೇಕು ಎಂದು. "ಗಾಲ್ಫ್‌ಬಾಯಿಗೆ ಬರಿ, ಈ ಸೋಮವಾರ ಬರತೇನಿ ಅಂತ" ಎಂದು ಅಪ್ಪಣೆ ಮಾಡಿದಳು. ನಾನು ಸುಮ್ಮನಿರಲಾರದೆ "ಮತ್ತೆ ಟಿಕೆಟ್?" ಎಂದೆ. ಎಂಬತ್ತೊಂಬತ್ತರಲ್ಲಿ ಕುಡುಗೋಲು ಹಿಡಿದು ಬಂದಾಗ ನೋಡಿದ್ದಳಲ್ಲ, ಅದೇ ಕಣ್ಣಿನಿಂದ ನನ್ನನ್ನು ನೋಡಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ನಾನು ಹೊರಟು ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಕರೆದಳು. "ಸಾವಿತ್ರೀ, ತೂ ಪಣ ಯೆ." ನೀನೂ ಬಾ ಎಂದು.

"ದರ್ ವರ್ಷೀ?" ಎಂದು ಕೇಳಿದೆ.

"ದರ್ ಸೋಮವಾರೀ" ಎಂದಳು.

ಗೇಟು ತೆರೆದಿಡು. ಅವಳ ಹೊಲಕ್ಕೆ ಅವಳ ಹಿಂದೆ ಬುಟ್ಟಿ ಹೊತ್ತು ಬರುತ್ತೇನೆ.

ನಿನ್ನ,
ಸಾವಿತ್ರೆವ್ವ